ದಿನಾ ನಾಲ್ಕಕ್ಕೆ ಕೆಡುವ ಕಂಪ್ಯೂಟರ್

ಅಂಗಡಿಯಿಂದ,
ಗುರುವಾರ, ಮಧ್ಯಾಹ್ನದ ಊಟ ಆದ ಮೇಲೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಗಣ್ಯರೇ, ಕುರ್ಚಿ ಸಿಗದೆ ಮುನಿಸಿಕೊಂಡು ಎರಡನೇ ಸಾಲಿನಲ್ಲಿ ಕುಳಿತಿರುವ ಇನ್ನೂ ದೊಡ್ಡ ಗಣ್ಯರೇ, ಭಾಷಣ ಯಾವಾಗ ಮುಗಿಯುತ್ತದೆ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕ ಬಂಧುಗಳೇ, ಮತ್ತು ಇಷ್ಟೆಲ್ಲ ಜನರ ನಡುವೆ ನಾನು ನಿಜವಾಗಿ ಮಾತಾಡಬೇಕಾಗಿರುವ ಒಬ್ಬಳೇ ಒಬ್ಬಳಾದ, ನಲವತ್ತು ದಾಟಿದರೂ ನನ್ನ ಬಾಯಲ್ಲಿ ಇನ್ನೂ ಪಾಪುವಾಗಿಯೇ ಉಳಿದಿರುವ ಪಾಪು,

ಅಂಗಡಿಯ ಕಂಪ್ಯೂಟರ್ ಕೆಟ್ಟಿದೆ.

ಈ ಒಂದು ಸಾಲಿಗೆ ಇಷ್ಟು ದೊಡ್ಡ ಪೀಠಿಕೆ ಯಾಕೆ ಅಂತ ಕೇಳಬೇಡ. ‘ಪ್ರೀತಿಯ ಪಾಪುವಿಗೆ’ ಅಂತ ಶುರು ಮಾಡಲು ಹೋದೆ, ಪೆನ್ನು ಅಲ್ಲೇ ನಿಂತಿತು. ಒಬ್ಬರಿಗೆ ಹೇಳುವುದಕ್ಕಿಂತ ಸಭೆಗೆ ಹೇಳುವುದು ಸುಲಭ. ಸಭೆ ತಿರುಗಿ ಮಾತಾಡುವುದಿಲ್ಲ, ‘ನೀನು ಅವತ್ತು ಏನಂದೆ ನೆನಪಿದೆಯಾ’ ಅಂತ ಕೇಳುವುದಿಲ್ಲ.

ನೀನು ಅವತ್ತು ಏನಂದೆ ಎನ್ನುವುದಂತೂ ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿ ಬ್ಯಾಗು, ಭುಜಕ್ಕೆ ಇನ್ನೊಂದು ಬ್ಯಾಗು, ನೀನು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ನಾನು “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?” ಅಂದಿದ್ದೆ. ನೀನು “ಈ ವಯಸ್ಸಲ್ಲೂ ನಿನ್ನ ಕೇಳ್ಕೊಂಡೇ ಮದುವೆ ಆಗ್ಬೇಕಿತ್ತಾ?” ಅಂದೆ. ಆಮೇಲೆ ಒಂದು ಮೆಟ್ಟಿಲು ಇಳಿದು, ಮತ್ತೆ ತಿರುಗಿ, “ನೋಡು ಅಕ್ಕ, ಕಂಪ್ಯೂಟರ್‌ಗೆ ಏನಾದ್ರೂ ಆದ್ರೆ ಬರೆದು ಕಳ್ಸು. ಫೋನ್ ಮಾಡ್ಬೇಡ, ಫೋನಲ್ಲಿ ನೀನು ನಂಗೆ ಬಾಯಿ ಬಿಡೋಕೇ ಬಿಡಲ್ಲ. ಬೇರೆ ವಿಷಯ ಏನೂ ಬರೀಬೇಡ. ನನ್ ಕೈಲಿ ಆಗಲ್ಲ” ಅಂದೆ.

ಅಣ್ಣನಾದರೂ ಇದ್ದಿದ್ದರೆ ನಡುವೆ ಬಂದು ಪಂಚಾಯಿತಿ ಮಾಡುತ್ತಿದ್ದ. ಇರುವುದು ನಾವಿಬ್ಬರೇ. ಹಾಗಾಗಿ ಆ ಮಾತೇ ಕಾನೂನಾಯಿತು. ಇದು ಶುದ್ಧ ಕಂಪ್ಯೂಟರ್ ಪತ್ರ. ಇದರಲ್ಲಿ ನನ್ನ ಮಂಡಿನೋವಿನ ಬಗ್ಗೆ ಒಂದಕ್ಷರವೂ ಇರುವುದಿಲ್ಲ, ಅದು ಎಡಗಾಲಿನಿಂದ ಬಲಗಾಲಿಗೆ ದಾಟಿದೆ ಅಂತಲೂ ಇರುವುದಿಲ್ಲ. ನಿನ್ನ ಮದುವೆ ರಿಜಿಸ್ಟರ್ ಆದ ದಿನ ನಾನು ಅಂಗಡಿಯ ಬಾಗಿಲು ತೆರೆದು ಕುಳಿತಿದ್ದೆ. ಅದೂ ಕಂಪ್ಯೂಟರ್ ವಿಷಯವಲ್ಲ, ಆದ್ದರಿಂದ ಬಿಟ್ಟೆ. ಸೇತುವೆಯ ಆ ಬದಿಗಿರುವ ನಿನಗೆ ಈ ಬದಿಯಿಂದ ಅಂಚೆಯಲ್ಲಿ ಕಾಗದ ಕಳಿಸುವುದು ನೋಡಿದವರಿಗೆ ಹುಚ್ಚಾಟ ಅನ್ನಿಸೀತು. ಬಸ್ಸು ಹತ್ತಿದರೆ ಟಿಕೆಟ್ ಹರಿಯುವಷ್ಟರಲ್ಲಿ ನಿನ್ನ ಮನೆ. ಆದರೆ ಬಸ್ಸು ಹತ್ತುವುದೂ ಕಂಪ್ಯೂಟರ್ ವಿಷಯವಲ್ಲ.

ಈಗ ವರದಿ.

ಪರದೆಯ ಬಲಮೂಲೆಯಲ್ಲಿ ಒಂದು ಪುಟ್ಟ ಚೌಕ ಬಂದು ಹೋಗುತ್ತಿತ್ತಲ್ಲ, ‘ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೋ, ಆಮೇಲೆ ನೆನಪಿಸಲೋ’ ಅಂತ ವಿನಯವಾಗಿ ಕೇಳುತ್ತಿತ್ತಲ್ಲ, ಅದೇ ಎಲ್ಲಕ್ಕೂ ಮೂಲ. ನೀನು ಕುರ್ಚಿಯಲ್ಲಿದ್ದಷ್ಟು ವರ್ಷವೂ ಅದಕ್ಕೆ ‘ಆಮೇಲೆ’ ಅಂದೆ. ಅದಕ್ಕೆ ಮಾತ್ರ ಅಲ್ಲ, ನೀನು ಎಲ್ಲದಕ್ಕೂ ‘ಆಮೇಲೆ’ ಅನ್ನುವವಳೇ. ಕನ್ನಡಕದ ನಂಬರು ಬದಲಿಸಲು ಆಮೇಲೆ, ಸೋರುವ ನಲ್ಲಿಗೆ ಆಮೇಲೆ, ನಿನ್ನನ್ನು ನೋಡಲು ಬರುತ್ತೇವೆ ಅಂದ ಗಂಡಿನ ಕಡೆಯವರಿಗೆಲ್ಲ ಆಮೇಲೆ. ಹಾಗೆ ಆಮೇಲೆ ಆಮೇಲೆ ಎನ್ನುತ್ತಲೇ ನಾವಿಬ್ಬರೂ ಒಂದೇ ಕೌಂಟರಿನ ಹಿಂದೆ ಮುದುಕಿಯರಾಗುತ್ತೇವೆ ಅಂತ ನಾನು ನೆಮ್ಮದಿಯಾಗಿದ್ದೆ. ಒಂದು ದಿನ ಆ ರಕ್ತಪರೀಕ್ಷೆ ಲ್ಯಾಬಿನವರು ಕೇಳಿದರು, ನೀನು ‘ಈಗಲೇ’ ಅಂದುಬಿಟ್ಟೆ.

ನೀನು ಹೋದ ಮೇಲೆ ಆ ಚೌಕ ಮತ್ತೆ ಬಂತು. ನಾನು ಒಬ್ಬಳೇ ಇದ್ದೆ. ನನಗೂ ಏನನ್ನಿಸಿತೋ, ‘ಈಗಲೇ’ ಒತ್ತಿದೆ.

ಕೇಳಿತು ಪರದೆ: ಈಗಲೋ, ಆಮೇಲೋ?
ಒತ್ತಿದೆ ಈಗಲೇ, ಅಲ್ಲಿಂದ ಗೋಳೋ!

ಅದು ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಪರದೆಯ ಮೇಲೆ ಚುಕ್ಕಿಗಳು ದುಂಡಗೆ ಸುತ್ತುತ್ತಿದ್ದವು. ‘ದಯವಿಟ್ಟು ಆಫ್ ಮಾಡಬೇಡಿ’ ಅಂತ ಬರೆದಿತ್ತು. ನಾನು ಆಫ್ ಮಾಡಲಿಲ್ಲ, ಊಟಕ್ಕೂ ಏಳಲಿಲ್ಲ. ಕೌಂಟರಿಗೆ ಬಂದವರಿಗೆಲ್ಲ “ನಾಳೆ ಬನ್ನಿ” ಅಂದೆ. ನಿವೃತ್ತ ಹೆಡ್‌ಮಾಸ್ಟರೊಬ್ಬರು ತಮ್ಮ ಎಲ್ಲ ಡಿಗ್ರಿಗಳೂ ಒಂದೇ ರಬ್ಬರ್ ಸ್ಟಾಂಪಿನಲ್ಲಿ ಹಿಡಿಸಬೇಕು ಅಂತ ಬಂದಿದ್ದರು. ಇರುವೆ ಗಾತ್ರದ ಅಕ್ಷರ ಹಾಕಿದರೂ ಹಿಡಿಸುವುದಿಲ್ಲ ಅಂದರೆ, ಹಾಗಿದ್ದರೆ ಹೆಸರು ತೆಗೆಯಿರಿ, ಡಿಗ್ರಿ ಇರಲಿ ಅಂದರು. ಅವರೂ ನಾಳೆಗೆ ಹೋದರು. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಕಣ್ಣು ಬಿಟ್ಟಿತು. ಯಾವುದೋ ದೇಶದ ಯಾವುದೋ ಕೆರೆಯ ಚಿತ್ರ ಹಾಕಿಕೊಂಡು, ಹೊಸ ಬಟ್ಟೆ ತೊಟ್ಟ ಮಗುವಿನ ಹಾಗೆ ನಿಂತಿತು. ಎಲ್ಲ ಸರಿಯಿದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರ ಸ್ಟಾಂಪು ಮಾಡಿದೆ. ಮಧ್ಯಾಹ್ನ ‘ಸ್ವೀಕರಿಸಲಾಗಿದೆ’ ಎರಡು, ‘ರದ್ದಾಗಿದೆ’ ಒಂದು. ಲೇಸರ್ ಯಂತ್ರ ಎಂದಿನಂತೆ ರಬ್ಬರು ಸುಟ್ಟು, ಅಂಗಡಿಯೆಲ್ಲ ಸುಟ್ಟ ಚಪ್ಪಲಿಯ ವಾಸನೆ ಹಬ್ಬಿಸಿತು. ಸ್ಟಾಂಪಿನ ಕೆಲಸ ಮುಗಿದ ಮೇಲೆ ಒಂದು ನಾಮಫಲಕ ಕೈಗೆತ್ತಿಕೊಂಡೆ. ಯಾರೋ ಒಬ್ಬ ಗಿರಾಕಿಯದು, ಮನೆಯ ಬಾಗಿಲಿಗೆ. ಮೇಲೆ ಕಂದು, ಕೆತ್ತಿದರೆ ಕೆಳಗಿನ ಕೆನೆಬಣ್ಣ ಕಾಣುವ ಪ್ಲಾಸ್ಟಿಕ್ ಹಾಳೆ, ನಿನಗೆ ಇಷ್ಟವಾದದ್ದೇ. ಎರಡು ಹೆಸರು, ಒಂದರ ಕೆಳಗೆ ಒಂದು. ಮೊದಲ ಹೆಸರು ಚೆನ್ನಾಗಿ ಮೂಡಿತು. ಎರಡನೆಯದರ ಮೊದಲ ಅಕ್ಷರದ ತಲೆಕಟ್ಟು ಮೂಡುವಷ್ಟರಲ್ಲಿ ಪರದೆ ನೀಲಿಯಾಯಿತು.

ಪೂರ್ತಿ ನೀಲಿ. ಅದರ ಮೇಲೆ ಮೂತಿ ಇಳಿಬಿಟ್ಟ ಒಂದು ಮುಖ, ಕೆಳಗೆ ಇಂಗ್ಲಿಷಿನಲ್ಲಿ ಉದ್ದ ಸಾಲು. ನಾನು ಬಿ.ಎ. ಮಾಡಿದ್ದು ಕನ್ನಡದಲ್ಲಿ, ಆದರೂ ತಿಳಿದಷ್ಟು ಹೇಳುತ್ತೇನೆ: ‘ನಿಮ್ಮ ಯಂತ್ರಕ್ಕೆ ಏನೋ ತೊಂದರೆಯಾಗಿದೆ, ಏನು ಅಂತ ನಾವು ವಿಚಾರಿಸುತ್ತಿದ್ದೇವೆ, ಆಮೇಲೆ ಮತ್ತೆ ಶುರು ಮಾಡುತ್ತೇವೆ.’ ತೊಂದರೆ ಕೊಟ್ಟವರೇ ವಿಚಾರಿಸಿಕೊಳ್ಳುವುದು ಅಂದರೆ ಇದೇ. ಮತ್ತೆ ಶುರುವಾಯಿತು. ಆದರೆ ಕೆತ್ತನೆ ನಡುವೆ ನಿಂತ ಹಾಳೆ ಏನಾಗುತ್ತದೆ ಅಂತ ನಿನಗೆ ಗೊತ್ತು. ಎಷ್ಟು ಹುಷಾರಾಗಿ ಜೋಡಿಸಿದರೂ ಕೂದಲೆಳೆಯಷ್ಟು ಆಚೀಚೆ ಆಗಿ ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ. ಆ ಹಾಳೆ ಹೋಯಿತು.

ಮರುದಿನ ಮತ್ತೆ ಸ್ಟಾಂಪುಗಳು, ಎಲ್ಲ ಸುಸೂತ್ರ. ಕೊನೆಗೆ ಅದೇ ಫಲಕ, ಹೊಸ ಹಾಳೆ. ಮೊದಲ ಹೆಸರು ಮುಗಿಯಿತು, ಎರಡನೆಯದು ಶುರುವಾಗಬೇಕು, ನೀಲಿ. ಅದರ ಮರುದಿನವೂ ಅದೇ ಕಥೆ. ಎರಡನೇ ಹೆಸರು ಕಂಡರೆ ಯಂತ್ರಕ್ಕೆ ಆಗುವುದಿಲ್ಲ ಅನ್ನಿಸಿತು. ಅದಕ್ಕೆ ಅದರದೇ ಅಭಿಪ್ರಾಯಗಳು ಇರಬಹುದು, ನಾನೇನೂ ಹೇಳಿಕೊಟ್ಟಿಲ್ಲ. ಅರ್ಧಕ್ಕೆ ನಿಂತ ಹಾಳೆಗಳನ್ನು ಒಂದರ ಮೇಲೊಂದು ಕೌಂಟರಿನ ಕೆಳಗೆ ಇಟ್ಟಿದ್ದೇನೆ. ಬಿಸಾಡಲು ಮನಸ್ಸಾಗಲಿಲ್ಲ. ಹಾಳೆ ಒಳ್ಳೆಯದು ನೋಡು, ಅದಕ್ಕೆ.

ಮೂರನೇ ಸಲ ನೀಲಿಯಾದಾಗ ಗೋಡೆಯ ಗಡಿಯಾರ ನೋಡಿದೆ. ನಾಲ್ಕು. ಹಿಂದಿನೆರಡು ದಿನವೂ ಟೀಗೆ ನೀರಿಡಲು ಎದ್ದ ಹೊತ್ತೇ. ಆಮೇಲೆ ಫಲಕವೇ ಬೇಡ ಅಂತ ಒಂದು ದಿನ ಏನೂ ಕೆತ್ತದೆ ಸುಮ್ಮನೆ ಪರದೆ ನೋಡುತ್ತ ಕುಳಿತೆ. ಕೆರೆಯ ಚಿತ್ರ ಕೆರೆಯ ಹಾಗೇ ಇತ್ತು. ನಾಲ್ಕಾಯಿತು, ಮುಖ ಮೂತಿ ಇಳಿಬಿಟ್ಟಿತು.

ಫ್ಯಾನು ತಿರುಗಿತು, ಪರದೆ ಬೆಳಗಿತು,
ನಾಲ್ಕು ಹೊಡೆಯಿತು, ಎಲ್ಲ ಮುಗಿಯಿತು.

ಅಂದರೆ ಪಾಪ, ಆ ಎರಡನೇ ಹೆಸರಿನವರದು ತಪ್ಪಿಲ್ಲ. ಕಂಪ್ಯೂಟರಿಗೆ ಆಗದೆ ಇರುವುದು ನಾಲ್ಕು ಗಂಟೆ.

ಹೀಗಾದ ಮೇಲೆ ರಿಪೇರಿಯವನನ್ನು ಕರೆಸಿದೆ. ನೀನು ಅವನಿಗೆ ಫಾರ್ಮ್ಯಾಟ್ ಅಣ್ಣ ಅಂತ ಹೆಸರಿಟ್ಟಿದ್ದೆಯಲ್ಲ, ಆ ಹೆಸರಿಗೆ ಅವನು ಈಗಲೂ ಚ್ಯುತಿ ತಂದಿಲ್ಲ. ಬ್ಯಾಗು ಕೆಳಗಿಡುವ ಮೊದಲೇ “ಫಾರ್ಮ್ಯಾಟ್ ಮಾಡ್ಬೇಕಕ್ಕಾ” ಅಂದ.

“ಮೊದಲು ನೋಡಪ್ಪ.”

“ನೋಡೋದೇನಕ್ಕಾ, ಎಷ್ಟ್ ನೋಡಿಲ್ಲ. ಅಪ್‌ಡೇಟ್ ಆದ್ಮೇಲೆ ಎಲ್ಲಾ ಹಿಂಗೇ.”

ನೆಗಡಿಯಾದರೂ ಫಾರ್ಮ್ಯಾಟು, ಕಾಲುಳುಕಿದರೂ ಫಾರ್ಮ್ಯಾಟು, ಅವನ ಹೆಂಡತಿ ಮುನಿಸಿಕೊಂಡರೆ ಏನು ಮಾಡುತ್ತಾನೋ! ನಾನು ಬಿಡಲಿಲ್ಲ. ಸರಿ ಅಂತ ಕುಳಿತು ಎಲ್ಲ ಆನ್ ಮಾಡಿ ನೋಡಿದ. ಬೆಳಗಿನ ಹೊತ್ತು, ಕಂಪ್ಯೂಟರ್ ಬಂಗಾರದ ಹಾಗೆ ನಡೆಯಿತು. ಡಾಕ್ಟರ್ ಎದುರು ಕೂತ ಕೂಡಲೇ ಕೆಮ್ಮು ನಿಂತುಹೋಗುವ ಮಗು ಇರುತ್ತದಲ್ಲ, ಹಾಗೆ. “ನಾಲ್ಕಕ್ಕೆ ಕೆಡುತ್ತಪ್ಪ, ನಾಲ್ಕು ಗಂಟೆಗೆ” ಅಂದೆ. ಅವನು ನನ್ನ ಮುಖ ನೋಡಿದ. “ಅಕ್ಕಾ, ಕಂಪ್ಯೂಟರ್‌ಗೇನು ಟೈಮ್ ಗೊತ್ತಾಗುತ್ತಾ?” ಅಂದ. ಪರದೆಯ ಮೂಲೆಯಲ್ಲಿ ಅದು ಟೈಮ್ ತೋರಿಸುತ್ತಲೇ ಇತ್ತು.

ಆಮೇಲೆ ಒಂದೊಂದಾಗಿ ಊಹೆ ಶುರು ಮಾಡಿದ. ಬಿಸಿಯಾಗಿರಬೇಕು ಅಂದ, ಮುಚ್ಚಳ ಬಿಚ್ಚಿ ಧೂಳು ಊದಿದ, ಅದೆಲ್ಲ ನನ್ನ ಮೂಗಿಗೆ ಬಂತು. ಕರೆಂಟು ಏರಿಳಿತ ಅಂದ, ಪ್ಲಗ್ಗು ಬದಲಿಸಿದ. ಮೆಮೊರಿ ಸಡಿಲ ಅಂದ. ಅದನ್ನು ಕಿತ್ತು ಶಾಲೆಯ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಒಂದೊಂದು ಊಹೆಗೂ ಒಂದೊಂದು ದಿನ ಬಂದ, ಒಂದೊಂದು ದಿನವೂ ನಾಲ್ಕಕ್ಕೆ ಮೊದಲೇ ಹೋದ. ನಾಲ್ಕಕ್ಕೆ ಅವನು ಇನ್ನೊಂದು ಕಡೆ ಫಾರ್ಮ್ಯಾಟ್ ಮಾಡಬೇಕಿತ್ತಂತೆ. ಕೊನೆಯ ಸಲ ಮುಚ್ಚಳ ಬಿಚ್ಚಿದಾಗ ಒಳಗೆ ಬೆರಳಿಟ್ಟು, “ಇದೇನಕ್ಕಾ, ರೇಡಿಯೋ ಕಾರ್ಡಾ? ಈ ಕಾಲದಲ್ಲಿ? ಎಲ್ಲಾ ಫೋನಲ್ಲೇ ಬರುತ್ತಲ್ಲ. ತೆಗೆದ್ಬಿಡ್ಲಾ? ಸುಮ್ನೆ ಜಾಗ ತಿಂತಿದೆ” ಅಂದ.

“ಅದನ್ನ ಮುಟ್ಟಬೇಡ” ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಅವನು ಕೈ ಹಿಂದೆ ತೆಗೆದುಕೊಂಡ.

“ಹಂಗಾದ್ರೆ ಫಾರ್ಮ್ಯಾಟೇ ಗತಿ. ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡೋಣ. ಹಳೇದೆಲ್ಲ ಯಾಕಿಟ್ಕೊಂಡಿದೀರ?”

ಹಳೆಯದನ್ನು ಅಳಿಸಿ ಹೊಸದಾಗಿ ಶುರು ಮಾಡುವುದು ಸುಲಭ ಅಂತ ಹೇಳುವವರು ಇತ್ತೀಚೆಗೆ ನನಗೆ ಸಿಕ್ಕಾಪಟ್ಟೆ ಸಿಗುತ್ತಿದ್ದಾರೆ. ಅವನಿಗೆ ಬೇಡಪ್ಪ ಅಂದೆ. ಅದರೊಳಗೆ ಇಷ್ಟು ವರ್ಷದ ಸ್ಟಾಂಪುಗಳ ನಕ್ಷೆಗಳಿವೆ, ನೀನು ಹೊತ್ತಿಲ್ಲದ ಹೊತ್ತಿನಲ್ಲಿ ಕುಳಿತು ತಿದ್ದಿದ ಅಕ್ಷರಗಳಿವೆ, ನಮ್ಮ ಬೋರ್ಡಿಗೆ ನಾನು ಕಟ್ಟಿದ ‘ಒತ್ತಿದರೆ ಮೂಡಬೇಕು, ಮೂಡಿದರೆ ಓದಬೇಕು’ ಇದೆ. ಅವನು ಬ್ಯಾಗು ಏರಿಸಿಕೊಂಡು, “ಆಮೇಲೆ ನೀವೇ ಫೋನ್ ಮಾಡ್ತೀರ ನೋಡಿ” ಅಂತ ಶಾಪ ಹಾಕುವವನ ಹಾಗೆ ಹೇಳಿ ಹೋದ.

ನನಗೆ ದಣಿವಾಗಿದೆ, ಪಾಪು. ಇದು ಕಂಪ್ಯೂಟರ್ ವಿಷಯವೇ. ಎರಡು ಜನರ ಕೆಲಸ ಒಬ್ಬಳು ಮಾಡುವಾಗ ಎಷ್ಟು ಸಲ ಏಳಬೇಕು, ಎಷ್ಟು ಸಲ ಕೂರಬೇಕು ಅಂತ ನನಗೆ ಗೊತ್ತಿರಲಿಲ್ಲ. ಮಾತು ನನ್ನದು, ಯಂತ್ರ ನಿನ್ನದು ಅಂತ ಅಂಗಡಿ ಭಾಗ ಮಾಡಿಕೊಂಡಿದ್ದೆವಲ್ಲ. ಈಗ ಕೌಂಟರಿನಲ್ಲಿ ಮಾತಾಡುವಾಗ ಹಿಂದೆ ಯಂತ್ರ ಕೂಗುತ್ತದೆ, ಯಂತ್ರದ ಹತ್ತಿರ ಹೋದರೆ ಮುಂದೆ ಗಿರಾಕಿ ಗಾಜು ತಟ್ಟುತ್ತಾನೆ. ನಡುವೆ ನಾಲ್ಕಾಗುತ್ತದೆ. ನಾಲ್ಕಕ್ಕೆ ಮೊದಲು ಎಲ್ಲ ಮುಗಿಸಬೇಕು ಅಂತ ಬೆಳಗಿನಿಂದ ಓಡುತ್ತೇನೆ, ನಾಲ್ಕಾದ ಮೇಲೆ ಮತ್ತೆ ಶುರು ಮಾಡಲು ಮೈಯಲ್ಲಿ ಬಲ ಇರುವುದಿಲ್ಲ. ಒಂದೊಂದು ದಿನ ಯಂತ್ರ ಕೆಟ್ಟ ಕೂಡಲೇ ಷಟರು ಎಳೆದು ಮೇಲೆ ಹೋಗಿ ಮಲಗುತ್ತೇನೆ. ನಾಲ್ಕು ಗಂಟೆಗೆ ಅಂಗಡಿ ಮುಚ್ಚಿದ್ದು ನೋಡಿ ಎದುರಿನ ಟೈಲರ್ ಮಾಮ “ಯಾಕಮ್ಮ, ಮೈ ಸರಿಯಿಲ್ವಾ?” ಅಂತ ಕೂಗಿದರು. “ಮೈ ಸರಿಯಿದೆ ಮಾಮ, ಅಪ್‌ಡೇಟ್ ಸರಿಯಿಲ್ಲ” ಅಂದೆ. ಅವರು ಅದು ಯಾವುದೋ ಹೊಸ ಕಾಯಿಲೆ ಅಂದುಕೊಂಡು ಬಿಸಿನೀರು ಕುಡಿ ಅಂದರು.

ಇನ್ನು, ನಿನ್ನೆಯ ವಿಷಯ. ಇದನ್ನು ಬರೆಯಬಹುದೋ ಬಾರದೋ ಅಂತ ತುಂಬ ಯೋಚಿಸಿದೆ. ಆದರೆ ಬಂದವರು ಕೇಳಿದ್ದೇ ಕಂಪ್ಯೂಟರ್ ವಿಷಯ, ಆದ್ದರಿಂದ ಕಾನೂನಿಗೆ ಭಂಗವಿಲ್ಲ.

ರಕ್ತದವರು ಬಂದಿದ್ದರು. ನಿನ್ನ ಯಜಮಾನರು ಅಂತ ಬರೆಯಬೇಕು ಅಂತ ಗೊತ್ತು, ಪೆನ್ನಿಗೆ ಇನ್ನೂ ಅಭ್ಯಾಸ ಆಗಿಲ್ಲ. ಅವರು ನಮ್ಮ ಅಂಗಡಿಗೆ ಮೊದಲು ಬಂದದ್ದು ಲ್ಯಾಬಿನ ಹೆಸರಿನ ಸ್ಟಾಂಪಿಗೆ. ಆಮೇಲೆ ‘ಖಾಲಿ ಹೊಟ್ಟೆ’ ಅಂತ ಒಂದು, ‘ಊಟದ ನಂತರ’ ಅಂತ ಒಂದು, ‘ತುರ್ತು’ ಅಂತ ಒಂದು, ‘ಮಾದರಿ ಸಾಲದು, ಮತ್ತೆ ಬನ್ನಿ’ ಅಂತ ಒಂದು. ಮತ್ತೆ ಬನ್ನಿ ಅಂತ ಸ್ಟಾಂಪು ಮಾಡಿಸಿ ತಾವೇ ಮತ್ತೆ ಮತ್ತೆ ಬಂದರು. ಇಷ್ಟು ಸ್ಟಾಂಪು ಇಟ್ಟುಕೊಂಡು ಒಬ್ಬ ಮನುಷ್ಯ ರಕ್ತ ಯಾವಾಗ ತೆಗೆಯುತ್ತಾನೆ ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು. ನಾನು ಒಳ್ಳೆಯ ಗಿರಾಕಿ ಅಂದುಕೊಂಡೆ.

ನಿನ್ನೆ ಬಂದದ್ದು ‘ತುರ್ತು’ ಸವೆದಿದೆ ಅಂತ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಸಂಬಂಧದಲ್ಲಿ ಚಿಕ್ಕವರು, ನನ್ನನ್ನು ಅಕ್ಕ ಅನ್ನಲೋ, ಮೇಡಂ ಅನ್ನಲೋ ಗೊತ್ತಾಗದೆ “ಅದೇ... ಇವರೇ...” ಅಂತ ಶುರು ಮಾಡಿದರು. ಕೈಯಲ್ಲಿದ್ದ ಸ್ಟಾಂಪು ನೋಡಿದೆ. ಸವೆದಿರಲಿಲ್ಲ.

“ಇವರೇ, ಕಂಪ್ಯೂಟರ್ ಹೇಗಿದೆ?” ಅಂದರು.

“ಯಾಕೆ, ರಕ್ತ ತೆಗೀಬೇಕಾ?” ಅಂದೆ.

ನಗಬೇಕೋ ಬೇಡವೋ ತಿಳಿಯದೆ ಸ್ಟಾಂಪನ್ನು ಗಾಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, “ಹಾಗಲ್ಲ, ಅವಳು ಕೇಳ್ಕೊಂಡು ಬನ್ನಿ ಅಂದ್ಲು. ಬೇರೆ ಏನೂ ಕೇಳ್ಬೇಡಿ, ಕಂಪ್ಯೂಟರ್ ಹೇಗಿದೆ ಅಂತ ಮಾತ್ರ ಕೇಳ್ಕೊಂಡ್ ಬನ್ನಿ ಅಂದ್ಲು” ಅಂದರು.

ಆಗಾಗ ಸುಸ್ತಾಗುತ್ತದೆ, ಸಂಜೆಗೆ ನಿಂತೇ ಹೋಗುತ್ತದೆ ಅಂತ ಹೇಳಿದೆ. ಅವರು ತಲೆಯಾಡಿಸಿದರು. ನಾನು ಗಾಜಿನ ಮೇಲಿನ ಇಂಕು ಒರೆಸಿದೆ, ಅವರು ಅದನ್ನೇ ನೋಡುತ್ತ ನಿಂತರು. ಹೊರಡುವಾಗ ಗಡಿಯಾರ ನೋಡಿ ಗಾಬರಿಯಾದರು.

“ಅಯ್ಯೋ, ನಾಲ್ಕರೊಳಗೆ ಹೋಗ್ಬೇಕು. ನಾಲ್ಕಕ್ಕೆ ರೇಡಿಯೋ ಹಾಕ್ತಾಳೆ. ಹಾಡಿಗೆ ಮುಂಚೆ ಆ ಮ್ಯೂಸಿಕ್ ಬರುತ್ತಲ್ಲ, ಅಷ್ಟರಲ್ಲೇ ಯಾವ ಹಾಡು ಅಂತ ಹೇಳ್ಬೇಕಂತೆ. ಸೋತವರು ಟೀ ಲೋಟ ತೊಳೀಬೇಕು.”

“ನೀವು?”

“ನಂಗೆಲ್ಲಿ ಬರುತ್ತೆ ಇವರೇ! ಮದುವೆ ಆದಾಗಿಂದ ದಿನಾ ನಾನೇ ತೊಳೀತಿದೀನಿ. ಅವಳಿಗೆ ಅದೂ ಸಮಾಧಾನ ಇಲ್ಲ. ನಿಮ್ ಜೊತೆ ಆಡೋದ್ರಲ್ಲಿ ಮಜಾನೇ ಇಲ್ಲ, ಅಕ್ಕ ಆಗಿದ್ರೆ ಪಿಟೀಲು ಎತ್ತೋ ಅಷ್ಟರಲ್ಲಿ ಹೇಳ್ತಿದ್ಲು ಅಂತಾಳೆ.”

ಇಷ್ಟು ಹೇಳಿ, ಹೇಳಬಾರದ್ದು ಹೇಳಿದೆನೇನೋ ಅನ್ನುವ ಹಾಗೆ ನಾಲಿಗೆ ಕಚ್ಚಿಕೊಂಡು, ಬಸ್ಸಿಗೆ ಓಡಿದರು. ಸವೆಯದ ಸ್ಟಾಂಪನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ತಿರುಗಿ ಇಸಿದುಕೊಳ್ಳಲು ಮತ್ತೆ ಬರಬೇಕಾಗುತ್ತದೆ. ಅಷ್ಟೇನೂ ಪೆದ್ದರಲ್ಲ ಅಂತ ಕಾಣುತ್ತದೆ.

ಅವರು ಹೋದ ಮೇಲೆ ನಾನು ಕಂಪ್ಯೂಟರಿನ ಮುಂದೆ ಕುಳಿತು ತುಂಬ ಯೋಚಿಸಿದೆ. ನಾಲ್ಕು ಗಂಟೆಗೂ ಅದಕ್ಕೂ ಏನು ದ್ವೇಷ ಅಂತ ಎಷ್ಟು ತಲೆ ಕೆರೆದುಕೊಂಡರೂ ಏನೂ ಹೊಳೆಯಲಿಲ್ಲ. ಈಗ ಗೊತ್ತಿರುವುದೆಲ್ಲ ನಿನಗೆ ಬರೆದಿದ್ದೇನೆ: ಅಪ್‌ಡೇಟ್ ಆದ ಮೇಲೆ ಶುರುವಾಗಿದೆ; ಬಿಸಿಯಿಂದ ಅಲ್ಲ, ಧೂಳಿನಿಂದ ಅಲ್ಲ, ಕರೆಂಟಿನಿಂದ ಅಲ್ಲ. ನಾಲ್ಕಕ್ಕೆ ಕೆಡುತ್ತದೆ, ಮತ್ತೆ ತಾನೇ ಏಳುತ್ತದೆ, ಮರುದಿನ ನಾಲ್ಕಕ್ಕೆ ಮತ್ತೆ ಕೆಡುತ್ತದೆ. ಸ್ಪೀಕರಿನ ಬಗ್ಗೆ ಕೇಳಬಹುದು ನೀನು. ಅದರ ಪ್ಲಗ್ಗನ್ನು ನೀನು ಹೋದ ದಿನವೇ ಕಿತ್ತಿಟ್ಟಿದ್ದೇನೆ, ಧೂಳು ಕೂರುತ್ತದೆ ಅಂತ. ಆದ್ದರಿಂದ ಅದರದೂ ತಪ್ಪಿಲ್ಲ. ನಿನಗೆ ಏನಾದರೂ ತೋಚಿದರೆ ಬರೆ. ಎರಡು ಸಾಲು ಸಾಕು. ಬೇರೆ ವಿಷಯ ಬರೆಯಬೇಕಾಗಿಲ್ಲ.

ಸಭೆಯನ್ನು ಇಲ್ಲಿಗೆ ಮುಗಿಸುತ್ತೇನೆ. ಅಧ್ಯಕ್ಷರು ನಿದ್ದೆ ಹೋಗಿದ್ದಾರೆ, ಗಣ್ಯರು ಎದ್ದು ಹೋಗಿದ್ದಾರೆ, ಕುರ್ಚಿ ಮಡಚುವವರು ಬಂದಿದ್ದಾರೆ.

ಹೊತ್ತು ನೋಡಿ ಕೆಡುವ ಯಂತ್ರದ,
ಹೊತ್ತು ಹೋಗದ ಯಜಮಾನಿ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಬಿಡಿಸಿದೆ. ಪ್ರಾಸ ಗೀಸ ಬೇಡ, ನೇರವಾಗಿ ಬರೆಯುತ್ತೇನೆ.

ಏನೂ ಹೊಳೆಯಲಿಲ್ಲ ಅಂದದ್ದು ಸುಳ್ಳು. ನಿನ್ನ ಯಜಮಾನರು ರಸ್ತೆ ದಾಟುವ ಮೊದಲೇ ಹೊಳೆಯಿತು. ನಮ್ಮಿಬ್ಬರ ಟೀ ಹೊತ್ತು, ಹಾಡಿನ ಪಂದ್ಯ ಮರೆಯಬಾರದು ಅಂತ, ನಾಲ್ಕಾದ ಕೂಡಲೇ ಕಂಪ್ಯೂಟರ್ ತಾನೇ ರೇಡಿಯೋ ಹಾಕುವ ಹಾಗೆ ನೀನು ಮಾಡಿಟ್ಟಿದ್ದೆಯಲ್ಲ, ನಾನು ಮರೆತೇ ಬಿಟ್ಟಿದ್ದೆ. ನಾನು ಕಿತ್ತದ್ದು ಸ್ಪೀಕರಿನ ಪ್ಲಗ್ಗು ಮಾತ್ರ. ಒಳಗೆ ಅದು ನೀನು ಹೋದಾಗಿನಿಂದ ದಿನಾ ನಾಲ್ಕಕ್ಕೆ ರೇಡಿಯೋ ಹಾಕಿಕೊಂಡೇ ಇತ್ತು, ನನಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಅಪ್‌ಡೇಟ್ ಆದ ಮೇಲೆ ಅದಕ್ಕೆ ಆ ಹಳೆಯ ಕಾರ್ಡಿನ ಜೊತೆ ಹೊಂದಿಕೆ ಆಗುತ್ತಿಲ್ಲ. ನಾಲ್ಕಕ್ಕೆ ಅದನ್ನು ಎಬ್ಬಿಸಲು ಹೋಗುತ್ತದೆ, ತಾನು ಬೀಳುತ್ತದೆ.

ನಿನ್ನೆಯೇ ಮುಚ್ಚಳ ಬಿಚ್ಚಿ, ನೀನು ಹೇಳಿಕೊಟ್ಟ ಹಾಗೆ ಮೈಯ ಕರೆಂಟು ಇಳಿಯಲಿ ಅಂತ ಮೊದಲು ಕಬ್ಬಿಣ ಮುಟ್ಟಿ, ಆಮೇಲೆ ಕಾರ್ಡು ತೆಗೆದೆ. ನಾಲ್ಕು ಬಂತು, ಹೋಯಿತು. ಏನೂ ಆಗಲಿಲ್ಲ. ಅಂಗಡಿ ಅಷ್ಟು ಸುಮ್ಮನಿದ್ದದ್ದು ನಾನು ನೋಡಿರಲಿಲ್ಲ. ಸುಮ್ಮನೆ ಕೂರಲಾರದೆ ಫಲಕ ಕೈಗೆತ್ತಿಕೊಂಡೆ. ಎರಡು ಹೆಸರೂ ಮೂಡಿದವು, ನೆರಳಿಲ್ಲದೆ. ಗಿರಾಕಿ ಯಾರೂ ಇಲ್ಲ, ಪಾಪು. ಮೊದಲ ಹೆಸರು ನಿನ್ನದು, ಕೆಳಗಿನದು ಅವರದು, ನಿಮ್ಮ ಬಾಗಿಲಿಗೆ. ಕೌಂಟರಿನ ಕೆಳಗೆ ಪೇರಿಸಿಟ್ಟ ಹಾಳೆಗಳಲ್ಲಿ ಇರುವುದೂ ನಿನ್ನ ಒಂದೇ ಹೆಸರು.

ಫಲಕವನ್ನು ಪೇಪರಿನಲ್ಲಿ ಸುತ್ತಿದ ಮೇಲೆ ನೆನಪಾಯಿತು. ಕಂಪ್ಯೂಟರ್ ಸರಿಹೋದರೆ ನಿನಗೆ ಬರೆಯಲು ನನ್ನ ಹತ್ತಿರ ವಿಷಯವೇ ಇಲ್ಲ.

ಇವತ್ತು ಬೆಳಿಗ್ಗೆ ಕಾರ್ಡನ್ನು ಮತ್ತೆ ಒಳಗೆ ಹಾಕಿ ಸ್ಕ್ರೂ ಬಿಗಿ ಮಾಡಿದ್ದೇನೆ. ಸ್ಪೀಕರಿನ ಪ್ಲಗ್ಗನ್ನೂ ಸಿಕ್ಕಿಸಿದ್ದೇನೆ. ಇನ್ನು ದಿನಾ ನಾಲ್ಕಕ್ಕೆ ಕೆಡುತ್ತದೆ. ರಿಪೇರಿಗೆ ನೀನು ಯಾವತ್ತು ಬಂದರೂ ಸರಿ. ಲೋಟ ನಾನೇ ತೊಳೆಯುತ್ತೇನೆ.